ಪರ್ವತಾರೋಹಣ ಶಾಲೆ: ಕೊಡುವ ದುಡ್ಡಿಗೆ ನಿಜಕ್ಕೂ ಏನು ಸಿಗುತ್ತೆ?

ಮಂಜುಬೆಟ್ಟ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಾಲ್ದಾರಿ ಇರುವ ಬೆಟ್ಟಗಳಲ್ಲಿ ಭಾರ ಹೊತ್ತು ನಡೆಯೋ ಅಭ್ಯಾಸ ಇದೆ. ಹಗ್ಗ, ಐಸ್ ಆಕ್ಸ್ (ಹಿಮಕ್ಕೆ ನಾಟುವ ಕೊಡಲಿ), ಕ್ರ್ಯಾಂಪನ್ (ಬೂಟಿನಡಿಗೆ ಕಟ್ಟುವ ಮೊನೆಗಳ ಚೌಕಟ್ಟು) ಯಾವುದನ್ನೂ ಮುಟ್ಟಿಲ್ಲ. ಹಿಮಶಿಖರಗಳ ಕಡೆಗೆ ಹೋಗಬೇಕು ಅಂತಿದೆ. ಮುಂದೆ ಮೂರು ದಾರಿ ಕಾಣ್ತಿವೆ: 6 ದಿನದ ಪ್ರಾಥಮಿಕ ಕೋರ್ಸ್, ಸುಮಾರು 4 ವಾರದ ವಸತಿ ಕೋರ್ಸ್, ಇಲ್ಲವೇ ಚಿಕ್ಕ ಕೋರ್ಸಿನಷ್ಟೇ ಖರ್ಚಿನಲ್ಲಿ ಗೈಡ್ ಜೊತೆ ನೇರವಾಗಿ ಒಂದು ಶಿಖರ.

ಜಾಹೀರಾತಿನಲ್ಲಿ ಎಲ್ಲ ಕೋರ್ಸೂ ಒಂದೇ ಥರ ಇರುತ್ತವೆ. ಹಿಮನದಿ ನಡಿಗೆ, ಅದರ ಬಿರುಕಿಗೆ ಬಿದ್ದವರನ್ನು ಎತ್ತುವುದು, ಶಿಖರ ಪ್ರಯತ್ನ, ಪ್ರಮಾಣಪತ್ರ. ಶುಲ್ಕ ಮಾತ್ರ ಒಂದಕ್ಕೊಂದು ತಾಳೆಯಿಲ್ಲ. ಈ ವ್ಯತ್ಯಾಸ ಯಾವುದಕ್ಕೆ? ಶುಲ್ಕದ ಹೊರಗೆ ಏನೇನು ಖರ್ಚು ಬರುತ್ತೆ? ಸಾಮಾನು ಕೊಳ್ಳಬೇಕೋ, ಬಾಡಿಗೆಗೆ ತಗೋಬೇಕೋ? ಇದರಲ್ಲಿ ಎಷ್ಟನ್ನು ವಿಡಿಯೊ ನೋಡಿಕೊಂಡು ಮನೆಯಲ್ಲೇ ಕಲಿಯಬಹುದು?


ಹಗ್ಗಗಂಟು

ದಿನಗಳ ಲೆಕ್ಕ ಬಿಡಿ, ಶಿಖರದ ಎತ್ತರವನ್ನೂ ಬಿಡಿ. ನೀವು ದುಡ್ಡು ಕೊಡೋದು ಮುಖ್ಯವಾಗಿ ಒಂದಕ್ಕೆ: ನಿಮ್ಮ ಕೈ ಕೆಲಸ ಮಾಡುವಾಗ ತಿಳಿದವರೊಬ್ಬರು ಪಕ್ಕದಲ್ಲಿ ನಿಂತು ನೋಡಿ, ತಪ್ಪನ್ನು ಅಲ್ಲೇ ತಿದ್ದೋದಕ್ಕೆ. ಆ ಹೊತ್ತು ತಲೆಗೆ ಎಷ್ಟು ಸಿಗುತ್ತೆ ಅಂತ ಲೆಕ್ಕ ಹಾಕಿದರೆ ಬೆಲೆಯ ವ್ಯತ್ಯಾಸ ಬಹುಪಾಲು ಅರ್ಥವಾಗುತ್ತೆ.

6 ದಿನದ ಕೋರ್ಸನ್ನೇ ತಗೊಳ್ಳಿ. ಮೊದಲ ದಿನ ಸಾಮಾನು ತಪಾಸಣೆ, ಶಿಬಿರಕ್ಕೆ ನಡಿಗೆ. ಕೊನೆಯ ದಿನ ವಾಪಸ್. ಶಿಖರದ ದಿನ ನಡುರಾತ್ರಿ ಎದ್ದು ಮಧ್ಯಾಹ್ನ ಇಳಿದು ಬರೋದು, ಅಲ್ಲಿ ಕಲಿಕೆಗಿಂತ ನಡಿಗೆಯೇ ಜಾಸ್ತಿ. ಉಳಿದದ್ದು 3 ದಿನ. ದಿನಕ್ಕೆ 6 ಗಂಟೆ ಅಂದರೆ 18 ಗಂಟೆ. ಹವಾಮಾನ ಒಂದು ದಿನ ಕೆಟ್ಟರೆ 12. ಪಠ್ಯಪಟ್ಟಿಯಲ್ಲಿ ಹದಿನೈದು ವಿಷಯ ಬರೆದಿದ್ದರೆ ಪ್ರತಿಯೊಂದಕ್ಕೂ ಒಂದು ಗಂಟೆ ಚಿಲ್ಲರೆ. ಅದು ಕಲಿಸೋದಲ್ಲ, ತೋರಿಸೋದು.

ಇನ್ನು ಬಿರುಕಿನಿಂದ ಎತ್ತುವ ಪಾಠ. ಬಿದ್ದವನ ಭಾರ ತಡೆದು ಹಿಡಿಯಬೇಕು, ಹಿಮದಲ್ಲಿ ಆಂಕರ್ (ಹಗ್ಗದ ಭಾರ ತಡೆಯುವ ಗಟ್ಟಿ ಆಧಾರ) ಹೂಳಬೇಕು, ಭಾರವನ್ನು ಆಂಕರಿಗೆ ದಾಟಿಸಬೇಕು, ಪ್ರೂಸಿಕ್ (ಭಾರ ಬಿದ್ದಾಗ ಹಗ್ಗಕ್ಕೆ ಕಚ್ಚಿಕೊಳ್ಳುವ ದಾರದ ಗಂಟು) ಹಿಡಿದು ಅಂಚಿಗೆ ಹೋಗಿ ಮಾತಾಡಿಸಬೇಕು, ಹಗ್ಗ ಅಂಚಿಗೆ ಕೊರೆಯದಂತೆ ಕೆಳಗೆ ಏನಾದರೂ ಕೊಡಬೇಕು, ಆಮೇಲೆ ರಾಟೆ ಕಟ್ಟಿ ಎಳೆಯಬೇಕು. ಹೊಸಬರಿಗೆ ಒಂದು ಸುತ್ತಿಗೆ 40 ನಿಮಿಷ ಬೇಕು ಅಂತಿಟ್ಟುಕೊಳ್ಳಿ. ಮೂವರು ಕಟ್ಟಿಕೊಂಡ ಒಂದು ಹಗ್ಗದಲ್ಲಿ ಪ್ರತಿಯೊಬ್ಬರೂ ಒಂದೊಂದು ಸಲ ಎತ್ತುವವರಾಗಲು 2 ಗಂಟೆ. ಒಬ್ಬ ಬೋಧಕರಿಗೆ 6 ವಿದ್ಯಾರ್ಥಿಗಳಿದ್ದರೆ ಎರಡು ಹಗ್ಗ, ಅವರ ಕಣ್ಣು ನಿಮ್ಮ ಹಗ್ಗದ ಮೇಲೆ ಅರ್ಧ ಹೊತ್ತು. 12 ಜನ ಇದ್ದರೆ ನಾಲ್ಕು ಹಗ್ಗ, ಕಾಲು ಹೊತ್ತು. ಆಂಕರಿಗೆ ಭಾರ ದಾಟಿಸುವ ಆ ಎರಡು ನಿಮಿಷದಲ್ಲಿ ಬೋಧಕರು ಇನ್ನೊಂದು ಹಗ್ಗದ ಹತ್ತಿರ ಇದ್ದರೆ ನಿಮ್ಮ ತಪ್ಪು ಅಭ್ಯಾಸವಾಗಿ ಗಟ್ಟಿಯಾಗುತ್ತೆ.

ಹಾಗಾಗಿ ಕೇಳಬೇಕಾದ ಮೊದಲ ಪ್ರಶ್ನೆ "ಒಬ್ಬ ಬೋಧಕರಿಗೆ ಎಷ್ಟು ಜನ?" ಅದೂ ಒಟ್ಟಾರೆ ಸರಾಸರಿ ಬೇಡ, ಯಾವ ಜಾಗದಲ್ಲಿ ಎಷ್ಟು ಅಂತ. ಬಂಡೆ ಬುಡದ ಅಭ್ಯಾಸಕ್ಕೆ, ಸಮತಟ್ಟು ಹಿಮನದಿಗೆ 6 ಜನ ನಡೆಯುತ್ತೆ. ಕಡಿದಾದ ಹಿಮದ ಏರಿನಲ್ಲಿ ಬೋಧಕರ ಹಗ್ಗದಲ್ಲಿ ಇಬ್ಬರಿಗಿಂತ ಹೆಚ್ಚು ಇರಬಾರದು. ಸಹಾಯಕರನ್ನೂ ಬೋಧಕರ ಲೆಕ್ಕಕ್ಕೆ ಸೇರಿಸಿ ಸಂಖ್ಯೆ ಚಂದ ಮಾಡೋದು ಹಳೆಯ ಚಾಳಿ. ಸಹಾಯಕರ ಅರ್ಹತೆ ಏನು ಅಂತಲೂ ಕೇಳಿ.

ಗೈಡ್ ಜೊತೆ ಶಿಖರ ಅನ್ನೋದು ಬೇರೆಯೇ ವ್ಯವಹಾರ. ಅಲ್ಲಿ ಗೈಡ್‌ನ ಕೆಲಸ ನಿಮ್ಮನ್ನು ಸುರಕ್ಷಿತವಾಗಿ ಹತ್ತಿಸಿ ಇಳಿಸೋದು. ದಾರಿ, ಹೊರಡುವ ಹೊತ್ತು, ಹಗ್ಗದ ಉದ್ದ, ಎಲ್ಲಿ ತಿರುಗಬೇಕು, ಎಲ್ಲವನ್ನೂ ಅವರೇ ತೀರ್ಮಾನಿಸುತ್ತಾರೆ. ಒಳ್ಳೆಯ ಅನುಭವ, ಮೋಸವೇನಿಲ್ಲ. ಆದರೆ ಮರುವರ್ಷ ಗೆಳೆಯರ ಜೊತೆ ಹೋಗಲು ಅದರಿಂದ ಸಿಕ್ಕಿದ್ದು ಅತಿ ಕಡಿಮೆ.


ಲೆಕ್ಕಪತ್ರ

ಶುಲ್ಕದ ಹೊರಗಿನ ಖರ್ಚಿನ ಬಗ್ಗೆ ನಾನು ಬರೀತೀನಿ. ಜಾಹೀರಾತಿನ ಬೆಲೆ ನೋಡಿ ಅಗ್ಗ ಅಂದುಕೊಂಡ ಕೋರ್ಸು ಕೊನೆಗೆ ದುಬಾರಿಯಾಗೋದು ಇಲ್ಲೇ.

"ಎಲ್ಲ ಸೇರಿ" ಅಂದರೆ ಏನೆಲ್ಲ ಸೇರಿ ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಸಾಮಾನ್ಯವಾಗಿ ಸೇರದೆ ಉಳಿಯೋದು: ಶಿಬಿರದವರೆಗಿನ ಪ್ರಯಾಣ, ಪರವಾನಗಿ ಶುಲ್ಕ, ಕೇಬಲ್ ಕಾರ್, ಹಿಮದ ಬೂಟಿನ ಬಾಡಿಗೆ, ವೈಯಕ್ತಿಕ ಸಾಮಾನು ಹೊರುವವರ ಕೂಲಿ, ವೈದ್ಯಕೀಯ ತಪಾಸಣೆ, ವಿಮೆ, ಹವಾಮಾನಕ್ಕೆಂದು ಇಟ್ಟ ಹೆಚ್ಚುವರಿ ದಿನದ ವಸತಿ. ಬೋಧಕರ ವಸತಿ ಊಟದ ಖರ್ಚನ್ನು ವಿದ್ಯಾರ್ಥಿಗಳ ಮೇಲೆ ಹಂಚುವ ಪದ್ಧತಿಯೂ ಕೆಲವು ಕಡೆ ಇದೆ.

ವಿಮೆಯ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಸಾಮಾನ್ಯ ಪ್ರವಾಸ ವಿಮೆಯಲ್ಲಿ ಎರಡು ಕಡೆ ಕತ್ತರಿ ಬೀಳುತ್ತೆ. ಒಂದು, ಎತ್ತರದ ಮಿತಿ: ಇಷ್ಟು ಮೀಟರಿಗಿಂತ ಮೇಲೆ ಆದದ್ದಕ್ಕೆ ಹೊಣೆಯಿಲ್ಲ ಅಂತಿರುತ್ತೆ. ಇನ್ನೊಂದು, ಉಪಕರಣದ ಷರತ್ತು: "ಹಗ್ಗ, ಕ್ರ್ಯಾಂಪನ್, ಐಸ್ ಆಕ್ಸ್ ಬೇಕಾಗುವ ಚಟುವಟಿಕೆ ಹೊರತುಪಡಿಸಿ." ಕೋರ್ಸಿನ ಎರಡನೇ ದಿನವೇ ಈ ಮಾತು ನಿಮ್ಮನ್ನು ಹೊರಗೆ ಹಾಕುತ್ತೆ. ಆಸ್ಪತ್ರೆ ಖರ್ಚು ಬೇರೆ, ಹುಡುಕಾಟ ಮತ್ತು ಹೆಲಿಕಾಪ್ಟರ್ ಖರ್ಚು ಬೇರೆ. ಎರಡೂ ಹೆಸರು ಹಿಡಿದು ಬರೆದಿರಬೇಕು. ಹೆಲಿಕಾಪ್ಟರ್ ಕರೆಸುವ ಮೊದಲು ಕಂಪನಿಯ ಒಪ್ಪಿಗೆ ಬೇಕು ಅನ್ನೋ ಷರತ್ತಿದ್ದರೆ ಆ ದೂರವಾಣಿ ಸಂಖ್ಯೆ, ಪಾಲಿಸಿ ಸಂಖ್ಯೆ ಎರಡನ್ನೂ ಚೀಟಿಯಲ್ಲಿ ಬರೆದು ಬೋಧಕರ ಕೈಗೂ ಒಂದು ಕೊಡಿ. ಜ್ಞಾನ ತಪ್ಪಿದವರು ಫೋನಿನ ಬೀಗ ತೆಗೆದು ಸಂಖ್ಯೆ ಹುಡುಕೋದಿಲ್ಲವಲ್ಲ.

ರದ್ದತಿ ನಿಯಮದಲ್ಲಿ ಮೂರು ಸಂದರ್ಭ ಬೇರೆ ಬೇರೆ: ನೀವು ಬಿಟ್ಟರೆ, ಅವರು ಬಿಟ್ಟರೆ, ಹವಾಮಾನ ಕೆಟ್ಟರೆ. ಮೂರನೆಯದಕ್ಕೆ ದುಡ್ಡು ವಾಪಸ್ ಬರೋದು ಅಪರೂಪ, ಬರಬೇಕು ಅಂತ ಹಟ ಹಿಡಿಯೋದೂ ಸರಿಯಲ್ಲ. ಬೋಧಕರು ಬಂದಿರುತ್ತಾರೆ, ಶಿಬಿರ ಹೂಡಿರುತ್ತಾರೆ. ಕೇಳಬೇಕಾದ್ದು ಬೇರೆ ಇದೆ: ಮೇಲೆ ಹೋಗಲಾಗದ ದಿನ ಕೆಳಗೆ ಏನು ಕಲಿಸುತ್ತೀರಿ? ಅದಕ್ಕೆ ತಟ್ಟನೆ ಉತ್ತರ ಇದ್ದರೆ ಅವರು ಮೊದಲೇ ಯೋಚಿಸಿದ್ದಾರೆ ಅಂತ.

ಕೊಳ್ಳೋದೋ ಬಾಡಿಗೆಯೋ? ನನ್ನ ಪಟ್ಟಿ ಇದು. ಕೊಳ್ಳಿ: ಹೆಲ್ಮೆಟ್, ಕೈಗವಸು ಎರಡು ಜೊತೆ (ಒಂದು ಒದ್ದೆಯಾಗುತ್ತೆ, ಖಂಡಿತ), ಹಿಮನದಿಗೆ ವರ್ಗ 4ರ ಕಪ್ಪು ಕನ್ನಡಕ, ತಲೆಗೆ ಕಟ್ಟುವ ದೀಪ. ಬಾಡಿಗೆ ಇಲ್ಲವೇ ಶಾಲೆಯದು: ಹಗ್ಗ, ಐಸ್ ಆಕ್ಸ್, ಕ್ರ್ಯಾಂಪನ್, ಡೇರೆ. ಹಾರ್ನೆಸ್ (ಹಗ್ಗ ಕಟ್ಟಿಕೊಳ್ಳಲು ಸೊಂಟ ತೊಡೆಗೆ ಹಾಕುವ ಪಟ್ಟಿ) ಎರಡೂ ಆಗಬಹುದು. ಬೂಟು ಅತಿ ದುಬಾರಿ ವಸ್ತು, ಅತಿ ಹೆಚ್ಚು ತೊಂದರೆ ಕೊಡೋದೂ ಅದೇ. ಅದನ್ನು ತಿಳಿದವರು ಯಾರಾದರೂ ಬಿಡಿಸಿ ಬರೆಯಲಿ.


ಉತ್ತರಮುಖ

ಬೂಟಿನ ವಿಷಯ.

ಬೂಟುಗಳನ್ನು ಬಿ1, ಬಿ2, ಬಿ3 ಅಂತಲೂ, ಕ್ರ್ಯಾಂಪನ್‌ಗಳನ್ನು ಸಿ1, ಸಿ2, ಸಿ3 ಅಂತಲೂ ವಿಂಗಡಿಸೋದು ರೂಢಿ. ಬಿ1 ಅರೆಗಡಸು ಅಟ್ಟೆಯದು, ಅದಕ್ಕೆ ಪಟ್ಟಿಯಲ್ಲಿ ಕಟ್ಟುವ ಸಿ1 ಮಾತ್ರ. ಬಿ2ಕ್ಕೆ ಹಿಮ್ಮಡಿಯಲ್ಲಿ ಅಂಚು ಇರುತ್ತೆ, ಹಿಂದೆ ಕೊಂಡಿ ಮುಂದೆ ಪಟ್ಟಿ ಇರುವ ಸಿ2 ಕೂರುತ್ತೆ. ಬಿ3 ಪೂರ್ತಿ ಗಡಸು, ಮುಂದೆ ತಂತಿ ಹಿಂದೆ ಕೊಂಡಿಯ ಸಿ3 ಅದಕ್ಕೆ. ಗಡಸು ಬೂಟಿಗೆ ಮೆದು ಜಾತಿಯ ಕ್ರ್ಯಾಂಪನ್ ಹಾಕಬಹುದು, ತಿರುಗುಮುರುಗು ಮಾಡುವಂತಿಲ್ಲ. ಬಗ್ಗುವ ಬೂಟಿಗೆ ಸಿ3 ಹಾಕಿದರೆ ನಡೆಯುವಾಗ ಅಟ್ಟೆ ಬಗ್ಗಿ ಕ್ರ್ಯಾಂಪನ್ ಕಳಚಿಕೊಳ್ಳುತ್ತೆ. ಮೊದಲ ಕೋರ್ಸಿಗೆ ಬಿ2 ಬೂಟು, ಸಿ2 ಕ್ರ್ಯಾಂಪನ್ ಸಾಕು. ತುಂಬ ಎತ್ತರದ ಶಿಬಿರವಾದರೆ ಎರಡು ಪದರದ ಬೂಟು ಬೇಕಾಗುತ್ತೆ, ಅದನ್ನು ಬಾಡಿಗೆಗೇ ತಗೊಳ್ಳಿ.

ಅಳತೆ ನೋಡುವ ಬಗೆ: ಹಾಕಿಕೊಳ್ಳುವ ಕಾಲುಚೀಲವನ್ನೇ ಹಾಕಿ, ಲೇಸ್ ಕಟ್ಟದೆ ಪಾದವನ್ನು ಪೂರ್ತಿ ಮುಂದೆ ತಳ್ಳಿ. ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗಬೇಕು. ಲೇಸ್ ಬಿಗಿದು ಮುಂಗಾಲಲ್ಲಿ ಮೆಟ್ಟಿಲು ಹತ್ತಿದರೆ ಹಿಮ್ಮಡಿ ಮೇಲೇಳಬಾರದು. ಎದ್ದರೆ ಎರಡನೇ ದಿನ ಗುಳ್ಳೆ ಗ್ಯಾರಂಟಿ. ಇಳಿಜಾರಲ್ಲಿ ಇಳಿದರೆ ಬೆರಳ ತುದಿ ತಾಗಬಾರದು. ತಾಗಿದರೆ ಇಳಿಯುವ ದಿನ ಉಗುರು ಕಪ್ಪಾಗುತ್ತೆ. ಹೊಸ ಬೂಟನ್ನು ನೇರವಾಗಿ ಕೋರ್ಸಿಗೆ ಒಯ್ಯಬೇಡಿ. ಕಾಲು ಸುಲಿದ ವಿದ್ಯಾರ್ಥಿ ಮೂರನೇ ದಿನದಿಂದ ಡೇರೆಯಲ್ಲೇ ಕೂತಿರುತ್ತಾರೆ, ಶುಲ್ಕ ಪೂರ್ತಿ ಕೊಟ್ಟಿರುತ್ತಾರೆ.

ಶಾಲೆಯ ಸಾಮಾನು ಕೈಗೆ ಬಂದಾಗ ನಾಚಿಕೆಯಿಲ್ಲದೆ ಪರೀಕ್ಷಿಸಿ. ಹಾರ್ನೆಸ್ ಒಳಗಿನ ಚೀಟಿಯಲ್ಲಿ ತಯಾರಾದ ವರ್ಷ ಇರುತ್ತೆ. ಹಗ್ಗ, ಹಾರ್ನೆಸ್, ಪಟ್ಟಿಗಳಿಗೆ ಬಳಸದೆ ಇಟ್ಟರೂ ಹೆಚ್ಚೆಂದರೆ 10 ವರ್ಷ ಅಂತ ಬಹುತೇಕ ತಯಾರಕರು ಹೇಳುತ್ತಾರೆ. ದಿನನಿತ್ಯ ಬಳಸುವ ಶಾಲೆಯಲ್ಲಿ ಅಷ್ಟು ಬಾಳುವ ಮಾತೇ ಇಲ್ಲ. ಹಾರ್ನೆಸ್‌ನಲ್ಲಿ ಹಗ್ಗ ಕಟ್ಟುವ ಕುಣಿಕೆಗಳ ಒಳಬದಿ ಸವೆದಿದೆಯಾ ನೋಡಿ. ಹಗ್ಗವನ್ನು ಮೊಳ ಮೊಳವಾಗಿ ಬೆರಳ ನಡುವೆ ಎಳೆಯಿರಿ: ಎಲ್ಲಾದರೂ ಚಪ್ಪಟೆ, ಮೆತ್ತಗೆ, ಇಲ್ಲವೇ ಉಬ್ಬು ಸಿಕ್ಕರೆ ಬೇಡ ಅನ್ನಿ. ಕ್ರ್ಯಾಂಪನ್‌ನ ಹಿಂದಿನ ಕೊಂಡಿ ಹಾಕಿದ ಮೇಲೆ, ಪಟ್ಟಿ ಬಿಗಿಯುವ ಮೊದಲೇ, ಅದು ಬೂಟಿಗೆ ಕಚ್ಚಿಕೊಂಡು ನಿಲ್ಲಬೇಕು. ಅಡಿಯಲ್ಲಿ ಹಿಮ ಅಂಟದಂತೆ ತಡೆಯುವ ರಬ್ಬರ್ ಹಾಳೆ ಇರಬೇಕು. ಬಾಡಿಗೆ ಕ್ರ್ಯಾಂಪನ್‌ಗಳಲ್ಲಿ ಅದೇ ಮೊದಲು ಕಿತ್ತುಹೋಗಿರೋದು. ಅದಿಲ್ಲದಿದ್ದರೆ ಬಿಸಿಲೇರಿದ ಮೇಲೆ ಜಿಗುಟು ಹಿಮ ಉಂಡೆಗಟ್ಟಿ ಮೊನೆಗಳು ನೆಲಕ್ಕೇ ತಾಗೋದಿಲ್ಲ.


ತಾನೇಕಲಿ

ಎಲ್ಲರೂ ಶಾಲೆಯ ಪರವಾಗಿಯೇ ಮಾತಾಡ್ತಿದ್ದೀರಿ, ಸ್ವಲ್ಪ ಎದುರು ವಾದ ಇರಲಿ. ಪ್ರಾಥಮಿಕ ಕೋರ್ಸಿನ ಒಂದು ದೊಡ್ಡ ಪಾಲು ಮನೆಯಲ್ಲೇ ಆಗುವ ಕೆಲಸ. ಗಂಟುಗಳನ್ನು ಕಲಿಯೋಕೆ ಬೋಧಕರ ಸಮಯ ಕೊಳ್ಳೋದು ಶುದ್ಧ ದಂಡ.

ಬೇಕಾದ ಗಂಟುಗಳು ಹೆಚ್ಚಿಲ್ಲ: ಹಿಂತಿರುಗಿಸಿ ಕಟ್ಟುವ ಎಂಟರ ಗಂಟು, ಕ್ಲೋವ್ ಹಿಚ್, ಇಟಾಲಿಯನ್ ಹಿಚ್, ಪ್ರೂಸಿಕ್, ಹಗ್ಗದ ನಡುವೆ ಹಾಕುವ ಬಟರ್‌ಫ್ಲೈ, ದಾರ ಜೋಡಿಸುವ ಡಬಲ್ ಫಿಶರ್‌ಮನ್. 9ರಿಂದ 10 ಮಿ.ಮೀ. ದಪ್ಪದ ಹಗ್ಗದ ಒಂದು ತುಂಡು, 6 ಮಿ.ಮೀ. ದಾರ ಸ್ವಲ್ಪ, ಎರಡು ಬೀಗದ ಕ್ಯಾರಬೈನರ್ (ಬಾಯಿ ತೆರೆಯುವ ಲೋಹದ ಕೊಂಡಿ) ಸಾಕು. ಮೊದಲು ಬರಿಗೈಯಲ್ಲಿ, ಆಮೇಲೆ ದಪ್ಪ ಕೈಗವಸಿನಲ್ಲಿ, ಆಮೇಲೆ ದೀಪ ಆರಿಸಿ. ಎಂಟರ ಗಂಟಿನ ಬಾಲ ಹಗ್ಗದ ದಪ್ಪದ ಹತ್ತರಷ್ಟು, ಅಂದರೆ 10 ಸೆಂ.ಮೀ. ಉಳಿಯಬೇಕು. ಕ್ಲೋವ್ ಹಿಚ್ಚನ್ನು ಒಂದೇ ಕೈಯಲ್ಲಿ ಹಾಕಲು ಬರಬೇಕು.

ನಕ್ಷೆ ಓದೋದು, ದಿಕ್ಸೂಚಿ, ಸಮಯದ ಅಂದಾಜು ಇವೂ ಹಾಗೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ ಕೊಟ್ಟ ಲೆಕ್ಕ ಇವತ್ತಿಗೂ ಸರಳ: 5 ಕಿ.ಮೀ.ಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. ಹಿಮದಲ್ಲಿ ಅದಕ್ಕಿಂತ ನಿಧಾನ.

ದೇಹ ಸಿದ್ಧತೆ ಎಲ್ಲಕ್ಕಿಂತ ಮುಖ್ಯ. 10ರಿಂದ 12 ಕೆ.ಜಿ. ಹೊತ್ತು 1000 ಮೀ. ಏರನ್ನು ಮೂರು ಮೂರೂವರೆ ಗಂಟೆಯಲ್ಲಿ ಹತ್ತಿ, ಮಾರನೇ ದಿನ ಮತ್ತೆ ಅದನ್ನೇ ಮಾಡುವಷ್ಟು ಶಕ್ತಿ ಇರಬೇಕು. ಏದುಸಿರು ಬಿಡುವವರ ಕಿವಿಗೆ ಪಾಠ ಇಳಿಯೋದಿಲ್ಲ.

ಇಷ್ಟು ಮಾಡಿಕೊಂಡು ಅನುಭವ ಇರುವ ಗೆಳೆಯರ ಗುಂಪಿಗೆ ಸೇರಿದರೆ ಶಾಲೆಯ ಶುಲ್ಕವೇ ಉಳಿಯುತ್ತಲ್ಲ?


ಹಗ್ಗಗಂಟು

ಗಂಟಿನ ಮಾತು ಒಪ್ಪಿದೆ. ಗಂಟು ಕಲಿತು ಬರುವ ವಿದ್ಯಾರ್ಥಿ ಮೊದಲ ಅರ್ಧ ದಿನ ಉಳಿಸಿಕೊಳ್ಳುತ್ತಾರೆ. "ಅನುಭವ ಇರುವ ಗೆಳೆಯರು" ಅನ್ನೋದರ ಬಗ್ಗೆ ಮಾತ್ರ ತಕರಾರಿದೆ. ಏನೂ ಆಗದೆ ಇಷ್ಟು ವರ್ಷ ನಡೆದುಬಂದದ್ದು ವಿಧಾನ ಸರಿಯಿದೆ ಅನ್ನೋದಕ್ಕೆ ಸಾಕ್ಷಿಯಲ್ಲ.

ಒಂದು ಉದಾಹರಣೆ. ಹಗ್ಗದ ಮೇಲೆ ಇಳಿಯುವಾಗ ಎರಡು ಹಗ್ಗ ಜೋಡಿಸಲು ಎರಡೂ ತುದಿಗಳನ್ನು ಒಟ್ಟಿಗೆ ಹಿಡಿದು ಎಂಟರ ಗಂಟು ಹಾಕುವವರು ಇನ್ನೂ ಇದ್ದಾರೆ. ಎಂಟು ದೊಡ್ಡದು, ಹಾಗಾಗಿ ಗಟ್ಟಿ ಅನ್ನೋ ಭಾವನೆ. ಆದರೆ ಎರಡು ಎಳೆಗಳು ಬೇರೆ ಬೇರೆ ದಿಕ್ಕಿಗೆ ಎಳೆದಾಗ ಆ ಗಂಟು ತಿರುವಿಕೊಂಡು ಬಾಲದ ಕಡೆಗೆ ಉರುಳುತ್ತೆ, ಒಂದೊಂದು ಉರುಳಿಗೂ ಬಾಲ ತಿನ್ನುತ್ತೆ. ಸಾದಾ ಒಂಟಿ ಗಂಟು ಹಾಗೆ ಉರುಳಲು ಹೆಚ್ಚು ಭಾರ ಬೇಕು. ಅದನ್ನೇ ಹಾಕಿ, ನಾಲ್ಕೂ ಎಳೆಗಳನ್ನು ಒಂದೊಂದಾಗಿ ಎಳೆದು ಬಿಗಿ ಮಾಡಿ, 30ರಿಂದ 40 ಸೆಂ.ಮೀ. ಬಾಲ ಬಿಡಬೇಕು. ಕೆಳಗಿನ ಎರಡು ತುದಿಗೂ ತಡೆಗಂಟು. ಇದು ಚಿತ್ರ ನೋಡಿ ಗೊತ್ತಾಗುವಂಥದ್ದೇ. ಆದರೆ ಗೆಳೆಯರು ತಪ್ಪಾಗಿ ಹಾಕಿದಾಗ ಬೇಡ ಅನ್ನುವ ಧೈರ್ಯ ಬರೋದು ಕಾರಣ ಗೊತ್ತಿದ್ದಾಗ ಮಾತ್ರ.

ಇನ್ನೊಂದು, ಆಂಕರಿನ ಕೋನ. ಎರಡು ಬಿಂದುಗಳಿಂದ ಬರುವ ಪಟ್ಟಿಗಳ ನಡುವಿನ ಕೋನ 60 ಡಿಗ್ರಿ ಇದ್ದರೆ ಒಂದೊಂದು ಬಿಂದುವಿನ ಮೇಲೆ ಭಾರದ ಸುಮಾರು 58 ಪಾಲು, ನೂರಕ್ಕೆ. 90ಕ್ಕೆ 71. 120ಕ್ಕೆ ಹೋದರೆ ಪೂರ್ತಿ 100: ಎರಡು ಬಿಂದು ಹಾಕಿಯೂ ಒಂದರ ಮೇಲೂ ಭಾರ ಕಡಿಮೆಯಾಗಲಿಲ್ಲ. ಸಂಖ್ಯೆ ಪುಸ್ತಕದಲ್ಲಿ ಸಿಗುತ್ತೆ. ಹಿಮದ ಗಾಳಿಯಲ್ಲಿ ಚಿಕ್ಕ ಪಟ್ಟಿ ಕೈಗೆ ಸಿಕ್ಕಾಗ "ಇಷ್ಟು ಸಾಕು" ಅನ್ನಿಸುತ್ತಲ್ಲ, ಆಗ ಪಕ್ಕದಲ್ಲಿ ನಿಂತು "ಉದ್ದದ್ದು ತೆಗಿ" ಅನ್ನುವವರು ಬೇಕು.

ಒಬ್ಬರೇ ಕಲಿಯಲು ಹೋಗಿ ನೇರ ಅಪಾಯಕ್ಕೆ ಬೀಳುವ ಪಾಠ ಅಂದರೆ ಐಸ್ ಆಕ್ಸ್‌ನಿಂದ ಜಾರುವಿಕೆ ತಡೆಯೋದು. ಅಭ್ಯಾಸದ ಇಳಿಜಾರಿನ ಬುಡದಲ್ಲಿ ಬಂಡೆ, ಬಿರುಕು ಯಾವುದೂ ಇಲ್ಲದೆ ತಾನಾಗಿ ನಿಲ್ಲುವಷ್ಟು ಸಮತಟ್ಟು ಇರಬೇಕು. ಕ್ರ್ಯಾಂಪನ್ ಬಿಚ್ಚಿಡಬೇಕು. ಒಂದು ಕೈ ಆಕ್ಸಿನ ತಲೆಯ ಮೇಲೆ, ಅಗಲ ಬಾಯಿ ಭುಜದ ಹತ್ತಿರ, ಇನ್ನೊಂದು ಕೈ ಕೆಳಗಿನ ಮೊನೆಯನ್ನು ಮುಚ್ಚಿ ಹಿಡಿದಿರಬೇಕು. ಇಲ್ಲದಿದ್ದರೆ ಆ ಮೊನೆ ತೊಡೆಗೇ ನಾಟುತ್ತೆ. ಎದೆಯ ಭಾರವನ್ನು ಆಕ್ಸಿನ ಮೇಲೆ ಹಾಕಿ ಕೊಕ್ಕನ್ನು ಹಿಮಕ್ಕೆ ಒತ್ತಬೇಕು. ನಿಜವಾದ ಜಾರಿಕೆಯಲ್ಲಿ ಕ್ರ್ಯಾಂಪನ್ ಕಾಲಲ್ಲಿದ್ದರೆ ಮಂಡಿ ಮಡಿಸಿ ಪಾದ ಮೇಲೆತ್ತಬೇಕು. ಮೊನೆ ಹಿಮಕ್ಕೆ ಸಿಕ್ಕರೆ ಮನುಷ್ಯ ಮಗುಚಿ ಬೀಳುತ್ತಾನೆ. ನಾಲ್ಕು ಭಂಗಿ ಇವೆ: ಕಾಲು ಕೆಳಗಾಗಿ ಬೋರಲು, ಕಾಲು ಕೆಳಗಾಗಿ ಅಂಗಾತ, ತಲೆ ಕೆಳಗಾಗಿ ಬೋರಲು, ತಲೆ ಕೆಳಗಾಗಿ ಅಂಗಾತ. ನಾಲ್ಕನ್ನೂ ಎಡಗೈ ಬಲಗೈ ಎರಡರಲ್ಲೂ ಮಾಡಿಸುವ ಶಾಲೆ ಒಳ್ಳೆಯದು. ಗಟ್ಟಿ ಮಂಜುಗಡ್ಡೆಯ ಮೇಲೆ ಇದು ಯಾವುದೂ ಕೆಲಸ ಮಾಡೋದಿಲ್ಲ, ಅಲ್ಲಿ ಜಾರದಿರುವುದೊಂದೇ ಉಪಾಯ ಅಂತ ಬಾಯಿಬಿಟ್ಟು ಹೇಳುವ ಶಾಲೆ ಇನ್ನೂ ಒಳ್ಳೆಯದು.


ಮಂಜುಬೆಟ್ಟ

ಎಲ್ಲರಿಗೂ ಧನ್ಯವಾದ. ಗೈಡ್ ಶಿಖರ ಕೈಬಿಟ್ಟೆ. ಈಗ 6 ದಿನವೋ 4 ವಾರವೋ? ಮತ್ತೆ ಪ್ರಮಾಣಪತ್ರಕ್ಕೆ ಬೆಲೆ ಇದೆಯಾ? ಬೋಧಕರು ನಿಜವಾಗಿ ಅರ್ಹರು ಅಂತ ದೂರದಿಂದ ತಿಳಿಯೋದು ಹೇಗೆ?


ಉತ್ತರಮುಖ

ಪ್ರಮಾಣಪತ್ರದಲ್ಲಿ ಎರಡು ಜಾತಿ. ನಿಮಗೆ ಸಿಗುವುದು ಒಂದು, ನಿಮ್ಮ ಬೋಧಕರ ಹತ್ತಿರ ಇರಬೇಕಾದದ್ದು ಇನ್ನೊಂದು. ಬೆಲೆ ಇರುವುದು ಎರಡನೆಯದಕ್ಕೆ.

ಪರ್ವತ ಮಾರ್ಗದರ್ಶಕರ ಅಂತರರಾಷ್ಟ್ರೀಯ ಒಕ್ಕೂಟ ಐಎಫ್‌ಎಂಜಿಎ ಶುರುವಾದದ್ದು 1965ರಲ್ಲಿ. ಅದರ ಮಾನ್ಯತೆ ಇರುವ ಗೈಡ್ ಆಗಲು ಬಂಡೆ, ಮಂಜುಗಡ್ಡೆ, ಸ್ಕೀ ಮೂರರಲ್ಲೂ ತರಬೇತಿ, ಪರೀಕ್ಷೆ. ಕೆಲವು ವರ್ಷಗಳೇ ಹಿಡಿಯುತ್ತೆ. ಹೆಸರು ಕೊಟ್ಟರೆ ಅವರವರ ದೇಶದ ಗೈಡ್ ಸಂಘದಲ್ಲಿ ಪರಿಶೀಲಿಸಬಹುದು. 1932ರಲ್ಲಿ ಫ್ರಾನ್ಸಿನ ಶಮೊನಿಯಲ್ಲಿ ಹುಟ್ಟಿದ ಯುಐಎಎ ಬೇರೆ: ಅದು ಪರ್ವತಾರೋಹಣ ಸಂಸ್ಥೆಗಳ ಒಕ್ಕೂಟ, ಉಪಕರಣಗಳ ಸುರಕ್ಷತಾ ಮಾನದಂಡಗಳನ್ನೂ ತರಬೇತಿ ಮಾನದಂಡಗಳನ್ನೂ ರೂಪಿಸುತ್ತೆ. ಹಗ್ಗದ ಮೇಲೆ ಯುಐಎಎ ಮುದ್ರೆ ಇದೆ ಅನ್ನೋದು ಹಗ್ಗದ ಅರ್ಹತೆ, ಬೋಧಕರದ್ದಲ್ಲ. ಜಾಹೀರಾತುಗಳು ಈ ಎರಡನ್ನೂ ಕಲಸಿ ಬಡಿಸುತ್ತವೆ, ಎಚ್ಚರ. ಪ್ರಾಥಮಿಕ ಕೋರ್ಸಿಗೆ ಪೂರ್ಣ ಗೈಡೇ ಬೇಕೆಂದಿಲ್ಲ, ರಾಷ್ಟ್ರಮಟ್ಟದ ಬೋಧಕ ಅರ್ಹತೆಗಳಿವೆ. ಯಾವುದು, ಯಾವ ನೆಲಕ್ಕೆ ಅನ್ವಯ ಅಂತ ಕೇಳಿ. ಬಂಡೆ ಬೋಧಕರ ಅರ್ಹತೆ ಹಿಮನದಿಗೆ ನಡೆಯೋದಿಲ್ಲ.

ನಿಮ್ಮ ಪ್ರಮಾಣಪತ್ರ ಕೆಲವು ಮುಂದಿನ ಕೋರ್ಸುಗಳಿಗೆ ಪ್ರವೇಶ ಚೀಟಿ, ಅಷ್ಟೇ. ಅದರ ಬಲದ ಮೇಲೆ ಬೇರೆಯವರನ್ನು ಕರೆದುಕೊಂಡು ಹೋಗುವ ಯೋಗ್ಯತೆ ಬರೋದಿಲ್ಲ.

6 ದಿನವೋ 4 ವಾರವೋ ಅನ್ನೋದಕ್ಕೆ ನನ್ನ ಮಟ್ಟಿಗೆ ಎತ್ತರವೇ ತೀರ್ಮಾನ ಹೇಳುತ್ತೆ. 3000 ಮೀ. ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀ.ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅಲ್ಲೇ ನಿಂತು ವಿಶ್ರಾಂತಿ. ಸುಮಾರು 5500 ಮೀ.ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟೇ. ಕೆಳಗಿನಿಂದ ಬಂದವರನ್ನು ಎರಡನೇ ರಾತ್ರಿಯೇ 4000 ಮೀ.ನಲ್ಲಿ ಮಲಗಿಸುವ 6 ದಿನದ ಕೋರ್ಸು ಇದ್ದರೆ, ತಲೆನೋವು ವಾಕರಿಕೆ ಇಟ್ಟುಕೊಂಡು ರಾಟೆ ವ್ಯವಸ್ಥೆ ಕಲಿಯೋದು ಆಗದ ಮಾತು. ದುಡ್ಡು ಹಾಳು ಅನ್ನೋದಕ್ಕಿಂತ, ಅದು ಅಪಾಯ. ಶ್ವಾಸಕೋಶದಲ್ಲಿ ನೀರು ತುಂಬೋದು, ಮೆದುಳು ಊದಿಕೊಳ್ಳೋದು ಎರಡಕ್ಕೂ ಮೊದಲ ಮದ್ದು ಕೆಳಗಿಳಿಯೋದೇ. 6 ದಿನದ್ದು ತಗೊಳ್ಳೋದಾದರೆ 3000 ಮೀ. ಆಸುಪಾಸು ಮಲಗಿ, ಹಗಲು ಮೇಲೆ ಹೋಗಿ ಬರುವಂಥದ್ದನ್ನು ಹುಡುಕಿ. ಇಲ್ಲವೇ ಮೂರು ನಾಲ್ಕು ದಿನ ಮೊದಲೇ ಹೋಗಿ ಹೊಂದಿಕೊಳ್ಳಿ, ಆ ದಿನಗಳ ಖರ್ಚನ್ನೂ ಕೋರ್ಸಿನ ಖರ್ಚು ಅಂತಲೇ ಬರೆದುಕೊಳ್ಳಿ.

4 ವಾರದ ಕೋರ್ಸಿನಲ್ಲಿ ಈ ತೊಂದರೆ ಇಲ್ಲ. ಬಂಡೆಗೆ ಒಂದು ವಾರ, ಹಿಮಕ್ಕೆ ಒಂದು ವಾರ ಸಿಗುತ್ತೆ, ಒಂದೇ ಕೆಲಸ ಬೇರೆ ಬೇರೆ ಹವೆಯಲ್ಲಿ ಮತ್ತೆ ಮತ್ತೆ ಮಾಡಲು ಬಿಡುವಿರುತ್ತೆ. ಅದರ ನಿಜವಾದ ಬೆಲೆ ಶುಲ್ಕದಲ್ಲಿಲ್ಲ, ಒಂದು ತಿಂಗಳ ರಜೆಯಲ್ಲಿದೆ. ದೊಡ್ಡ ತಂಡವಾದರೆ ಮೇಲೆ ಹೇಳಿದ ಕಣ್ಣಿನ ಲೆಕ್ಕ ಅಲ್ಲಿಗೂ ಹಾಕಿ: 4 ವಾರದಲ್ಲಿ ಸಾಲಾಗಿ ನಿಂತು ಕಾಯುವ ಹೊತ್ತೂ ನಾಲ್ಕು ವಾರದಷ್ಟೇ ಇರುತ್ತೆ.


ಲೆಕ್ಕಪತ್ರ

ಒಂದು ಬಿಟ್ಟುಹೋಗಿದೆ, ಹಿಮಪಾತದ (ಇಳಿಜಾರಿನ ಹಿಮರಾಶಿ ಕುಸಿದು ಬರುವುದರ) ಪಾಠ. ಪ್ರಾಥಮಿಕ ಕೋರ್ಸುಗಳಲ್ಲಿ ಇದಕ್ಕೆ ಸಿಗೋದು ಒಂದು ಮಧ್ಯಾಹ್ನ. ಸಾಲದು. ಹಿಮಪಾತಗಳು ಬಹುಪಾಲು ಸಡಿಲುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಹತ್ತಲು ಚೆನ್ನಾಗಿ ಕಾಣುವ ಇಳಿಜಾರೂ ಅದೇ. ಹುಗಿದುಹೋದವರನ್ನು ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಬಹುತೇಕರು ಬದುಕುತ್ತಾರೆ, ಆಮೇಲೆ ಆ ಸಾಧ್ಯತೆ ಕಡಿದಾಗಿ ಕುಸಿಯುತ್ತೆ. ಅಷ್ಟು ಬೇಗ ಹೊರಗಿನ ಸಹಾಯ ಬರೋದು ಕನಸಿನ ಮಾತು, ಜೊತೆಯಲ್ಲಿದ್ದವರೇ ತೆಗೀಬೇಕು. 457 ಕಿಲೋಹರ್ಟ್ಸ್‌ನ ಟ್ರಾನ್ಸೀವರ್ (ಹುಗಿದವರನ್ನು ರೇಡಿಯೊ ಸಂಕೇತದಿಂದ ಹುಡುಕುವ ಸಾಧನ), ಚುಚ್ಚಿ ನೋಡುವ ಕನಿಷ್ಠ 240 ಸೆಂ.ಮೀ. ಕೋಲು, ಲೋಹದ ಸಲಿಕೆ ಮೂರೂ ಪ್ರತಿಯೊಬ್ಬರ ಬೆನ್ನ ಮೇಲಿರಬೇಕು. ಮುನ್ಸೂಚನೆಯ ಐದು ಮಟ್ಟಗಳಲ್ಲಿ 3 ಅಂದರೆ "ನಡುವಿನದು, ಪರವಾಗಿಲ್ಲ" ಅಂತ ಓದಿಕೊಳ್ಳುವವರು ಬಹಳ. ಒಂದೊಂದು ಮಟ್ಟಕ್ಕೂ ಅಪಾಯ ಪಟ್ಟು ಪಟ್ಟಾಗಿ ಏರುತ್ತೆ, 3 ಆಗಲೇ ಗಂಭೀರ. ಚಳಿಗಾಲದ ಹಿಮಕ್ಕೆ ಹೋಗುವ ಇರಾದೆ ಇದ್ದರೆ ಎರಡು ಮೂರು ದಿನದ ಪ್ರತ್ಯೇಕ ಹಿಮಪಾತ ಕೋರ್ಸನ್ನು ಖರ್ಚಿನ ಪಟ್ಟಿಗೆ ಈಗಲೇ ಸೇರಿಸಿ.


ತಾನೇಕಲಿ

ಸರಿ, ಆಂಕರ್ ಮತ್ತು ಜಾರುವ ಪಾಠದಲ್ಲಿ ನನ್ನ ವಾದ ಹಿಂದಕ್ಕೆ ತಗೊಂಡೆ. ಆದರೆ ಕಲಿತದ್ದು ಉಳಿಯೋದು ಮನೆಯಲ್ಲೇ. ಕೋರ್ಸು ಮುಗಿದು ಎಂಟು ತಿಂಗಳು ಮುಟ್ಟದೆ ಇದ್ದರೆ ರಾಟೆ ಕಟ್ಟೋದು ಖಂಡಿತ ಮರೆತುಹೋಗುತ್ತೆ, ಆಗ ಕೊಟ್ಟ ಶುಲ್ಕ ಪೂರ್ತಿ ನೀರಿಗೆ.

ಎತ್ತುವ ಅಭ್ಯಾಸಕ್ಕೆ ಬಿರುಕು ಬೇಡ. ಗಟ್ಟಿ ಮರವೊಂದು ಆಂಕರ್, ನೆಲದ ಮೇಲೆ ಎಳೆಯಲು ಕಲ್ಲು ತುಂಬಿದ ಚೀಲ. ಎಳೆದ ಬಲವನ್ನು ಮೂರರಷ್ಟು ಮಾಡುವ ಜೆಡ್ ರಾಟೆ (ಹಗ್ಗ Z ಆಕಾರದಲ್ಲಿ ಎರಡು ಸಲ ತಿರುಗುವಂಥದ್ದು) ಕಟ್ಟಿ. ಕಾಗದದ ಮೇಲೆ ಮೂರು. ಹಗ್ಗ ಬರಿ ಕ್ಯಾರಬೈನರ್ ಮೇಲೆ ತಿರುಗಿದರೆ ಘರ್ಷಣೆ ತಿಂದು ಎರಡರಷ್ಟೂ ಸಿಗೋದು ಕಷ್ಟ. ಹತ್ತಿರ ಒಂದೇ ರಾಟೆ ಇದ್ದರೆ ಅದನ್ನು ಆಂಕರಿಗೆ ಹಾಕಬೇಡಿ, ಎಳೆಯುವ ಕೈಗೆ ಹತ್ತಿರವಾದ ತಿರುವಿಗೆ, ಅಂದರೆ ಚಲಿಸುವ ಪ್ರೂಸಿಕ್‌ಗೆ ಹಾಕಿ. ಎರಡೂ ರೀತಿ ಕಟ್ಟಿ ಎಳೆದು ನೋಡಿದರೆ ಕೈಗೇ ಗೊತ್ತಾಗುತ್ತೆ.


ಹಗ್ಗಗಂಟು

ಅದು ಸರಿಯಾದ ಮಾತು. ಹಿಡಿದು ನಿಲ್ಲಿಸುವ ಪ್ರೂಸಿಕ್ ಆಂಕರಿನ ಕ್ಯಾರಬೈನರ್ ಒಳಗೆ ನುಸುಳಿ ಸಿಕ್ಕಿಕೊಳ್ಳೋದೇ ಅಭ್ಯಾಸದಲ್ಲಿ ಹೆಚ್ಚು ಕಾಡುವ ತೊಂದರೆ. ಒಬ್ಬರು ಅದನ್ನು ಬೆರಳಲ್ಲಿ ಹಿಡಿದು ಕಾಯಬೇಕು, ಇಲ್ಲವೇ ಪ್ರೂಸಿಕ್ ತಡೆಯುವ ಚೌಕ ಮೂಲೆಯ ರಾಟೆ ಬಳಸಬೇಕು.

ಕಾಯ್ದಿರಿಸುವ ಮೊದಲು ಋತುವನ್ನೂ ಕೇಳಿಕೊಳ್ಳಿ, ಮಂಜುಬೆಟ್ಟ ಅವರೇ. ಋತುವಿನ ಆರಂಭದಲ್ಲಿ ಹಿಮನದಿಯ ಮೇಲೆ ಹಿಮದ ಹೊದಿಕೆ ದಪ್ಪ: ಆಕ್ಸ್‌ನಿಂದ ಜಾರಿಕೆ ತಡೆಯೋದು, ಹಿಮದಲ್ಲಿ ಆಂಕರ್ ಹೂಳೋದು ಚೆನ್ನಾಗಿ ಕಲಿಯಬಹುದು, ಆದರೆ ಬಿರುಕುಗಳು ಮುಚ್ಚಿಕೊಂಡಿರುತ್ತವೆ. ಕೊನೆಯಲ್ಲಿ ಬರಿ ಮಂಜುಗಡ್ಡೆ: ಬಿರುಕು ಬಾಯಿ ತೆರೆದಿರುತ್ತೆ, ಕ್ರ್ಯಾಂಪನ್ ಮುಂಮೊನೆಯ ಕೆಲಸಕ್ಕೆ, ಐಸ್ ಸ್ಕ್ರೂ (ಮಂಜುಗಡ್ಡೆಗೆ ತಿರುಗಿಸಿ ಹಾಕುವ ಆಂಕರ್ ಮೊಳೆ) ಕೂರಿಸೋಕೆ ಒಳ್ಳೆಯದು, ಜಾರಿಕೆ ತಡೆಯುವ ಅಭ್ಯಾಸಕ್ಕೆ ಜಾಗವೇ ಇರೋದಿಲ್ಲ. ಎರಡೂ ಬೇಕಿರುವ ಮೊದಲ ಕೋರ್ಸಿಗೆ ನಡುವಿನ ವಾರಗಳು ಸರಿ. ಮೊದಲು ತುಂಬೋದೂ ಅವೇ, ಹಾಗಾಗಿ ಬೇಗ ಬರೆದು ಕೇಳಿ.